ಆತ್ಮರಕ್ಷಣೆಯೂ ಹಿಂದೆ ಸರಿಯುವ ಧರ್ಮವೂ

ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಹಳೆಯ ಗುಡಿಯನ್ನು ಎತ್ತಿ ನಿಲ್ಲಿಸುವುದು ಹೆಚ್ಚಿನ ಪುಣ್ಯವೆಂಬ ಮಾತು ಲೋಕರೂಢಿಯಲ್ಲಿದೆ. ಸಡಿಲವಾದ ಕಲ್ಲನ್ನು ಮತ್ತೆ ಕೂರಿಸಿ, ಸೋರುವ ಮಾಳಿಗೆಗೆ ಗಾರೆ ಹಾಕಿ, ಕಳಸವನ್ನು ಬೆಳಗಿಸುವ ಈ ಶುಭಕಾಲವು ಧರ್ಮದ ವಿಷಯದಲ್ಲಿ ಸಡಿಲವಾಗಿರುವ ತಿಳಿವಳಿಕೆಯನ್ನು ಭದ್ರಪಡಿಸಿಕೊಳ್ಳುವುದಕ್ಕೂ ತಕ್ಕ ಕಾಲವಾಗಿದೆ. ಏಕೆಂದರೆ ದೇವರ ಮುಂದೆ ಕೈಮುಗಿದು ನಿಂತವನು ಮನೆಗೆ ಹಿಂದಿರುಗಿದ ಮೇಲೆ ಹೇಗೆ ನಡೆದುಕೊಳ್ಳುತ್ತಾನೆಂಬುದರಲ್ಲಿಯೇ ಅವನ ಭಕ್ತಿಯ ಪರೀಕ್ಷೆ ಇರುವುದು.

ಅಂತಹ ಪರೀಕ್ಷೆಗಳಲ್ಲಿ ಅತ್ಯಂತ ಕಠಿನವಾದುದು ಒಂದಿದೆ. ತನ್ನ ಮೇಲೆ ಕೈಯೆತ್ತಿ ಬಂದವನಿಗೆ ಮನುಷ್ಯನು ಎದುರು ನಿಲ್ಲಬೇಕೆ, ಇಲ್ಲವೆ ಹಿಂದೆ ಸರಿಯಬೇಕೆ? ಅಹಿಂಸೆಯೇ ಪರಮಧರ್ಮವೆಂದು ಪುರಾಣ ಪ್ರವಚನಗಳಲ್ಲಿ ಕೇಳುತ್ತೇವೆಂದು ಹೇಳುವ ಭಕ್ತನು ಗರ್ಭಗುಡಿಯಲ್ಲಿ ನೋಡುವುದು ತ್ರಿಶೂಲವನ್ನೂ ಖಡ್ಗವನ್ನೂ ಹಿಡಿದ ಮೂರ್ತಿಯನ್ನು. ಮಾರಮ್ಮನ ಕೈಯಲ್ಲಿ ಆಯುಧವಿದೆ. ಬೀರೇಶ್ವರನ ಹೆಸರಿನಲ್ಲಿಯೇ ವೀರತ್ವವಿದೆ. ಹೀಗಿರಲು, ದೇವರಿಗೆ ಒಪ್ಪುವ ನಡತೆ ಯಾವುದು? ಹೊಲದ ಬದುವಿನಲ್ಲಿ ಜಗಳ ಹತ್ತಿದಾಗ, ರಾತ್ರಿಯ ವೇಳೆ ಬಾಗಿಲು ಮುರಿಯುವ ಸದ್ದು ಕೇಳಿದಾಗ, ಕಾಡಿನ ಅಂಚಿನ ರಾಗಿಯ ಹೊಲಕ್ಕೆ ಆನೆ ನುಗ್ಗಿದಾಗ ಈ ಪ್ರಶ್ನೆಯು ತಾಳವಾಡಿಯ ಬೆಟ್ಟದ ಜನರ ಮುಂದೆ ಶಾಸ್ತ್ರದ ಪ್ರಶ್ನೆಯಾಗಿ ಬರುವುದಿಲ್ಲ. ಕೈಯಲ್ಲಿರುವ ಮಚ್ಚನ್ನು ಬೀಸುವುದೋ ಬಿಡುವುದೋ ಎಂಬ ಕ್ಷಣದ ಪ್ರಶ್ನೆಯಾಗಿ ಬರುತ್ತದೆ. ಆ ಕ್ಷಣದಲ್ಲಿ ಯೋಚಿಸುವುದಕ್ಕೆ ಅವಕಾಶವಿರುವುದಿಲ್ಲವಾದುದರಿಂದ ಮೊದಲೇ ಯೋಚಿಸಿಟ್ಟುಕೊಳ್ಳುವುದು ವಿವೇಕ.

ದೇಶದ ಕಾನೂನು ಕೊಡುವ ಉತ್ತರವನ್ನು ಮೊದಲು ತಿಳಿಯತಕ್ಕದ್ದು. ಭಾರತದ ದಂಡ ಸಂಹಿತೆಯ ಕರಡನ್ನು ಮೆಕಾಲೆಯ ನೇತೃತ್ವದ ಆಯೋಗವು 1837ರಲ್ಲಿ ಸಿದ್ಧಪಡಿಸಿತು. ಈ ದೇಶದ ಜನರು ಡಕಾಯಿತರ ಹಾವಳಿಯನ್ನು ಅತಿಯಾದ ತಾಳ್ಮೆಯಿಂದ ಸಹಿಸಿಕೊಳ್ಳುತ್ತಾರೆ, ಅವರಿಗೆ ಎದುರಿಸುವ ಕೆಚ್ಚನ್ನು ಕಲಿಸುವುದು ಲೇಸು ಎಂಬುದು ಆ ಆಯೋಗದ ಎಣಿಕೆಯಾಗಿತ್ತು. 1860ರಲ್ಲಿ ಶಾಸನವಾಗಿ 1862ರಿಂದ ಜಾರಿಗೆ ಬಂದ ಆ ಸಂಹಿತೆಯು ತನ್ನ 96ರಿಂದ 106ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕನ್ನು ನಿರೂಪಿಸಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ಜಾರಿಯಲ್ಲಿದೆ. ಅದರ 34ರಿಂದ 44ರವರೆಗಿನ ಕಲಮುಗಳಲ್ಲಿ ಅದೇ ಹಕ್ಕು ಬಹುಮಟ್ಟಿಗೆ ಅದೇ ರೂಪದಲ್ಲಿ ಉಳಿದುಬಂದಿದೆ.

ಆ ಹಕ್ಕಿನ ಸಾರವಿಷ್ಟು. ಪ್ರತಿಯೊಬ್ಬನೂ ತನ್ನ ದೇಹವನ್ನು ಮಾತ್ರವಲ್ಲದೆ ಬೇರೊಬ್ಬರ ದೇಹವನ್ನೂ, ತನ್ನ ಸ್ವತ್ತನ್ನೂ ಪರರ ಸ್ವತ್ತನ್ನೂ ಅಪರಾಧಿಯಿಂದ ಕಾಪಾಡಬಹುದು. ಪ್ರಾಣಕ್ಕೋ ಮಾನಕ್ಕೋ ಒದಗಿದ ಘೋರವಾದ ಅಪಾಯದಲ್ಲಿ ಎದುರಾಳಿಯ ಪ್ರಾಣ ಹೋದರೂ ಅದು ಅಪರಾಧವಲ್ಲ. ರಾತ್ರಿಯ ವೇಳೆ ಮನೆಗೆ ಕನ್ನ ಹಾಕಿದವನು, ವಾಸದ ಮನೆಗೆ ಬೆಂಕಿ ಇಡುವವನು, ದರೋಡೆಕೋರ ಇವರ ವಿಷಯದಲ್ಲಿಯೂ ಹೀಗೆಯೇ. ಆದರೆ ಈ ಹಕ್ಕಿಗೆ ಎರಡು ಕಟ್ಟುಗಳುಂಟು. ಸರ್ಕಾರದ ಅಧಿಕಾರಿಗಳ ರಕ್ಷಣೆಯನ್ನು ಪಡೆಯುವುದಕ್ಕೆ ಸಮಯವಿದ್ದಾಗ ಈ ಹಕ್ಕು ಇಲ್ಲ; ರಕ್ಷಣೆಗೆ ಅವಶ್ಯಕವಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವ ಹಕ್ಕು ಯಾವಾಗಲೂ ಇಲ್ಲ. ಬರಿಯ ಕಳ್ಳತನ ಮಾಡಿದವನನ್ನು ತಡೆಯಬಹುದು, ಹಿಡಿಯಬಹುದು, ಕೊಲ್ಲುವಂತಿಲ್ಲ.

ಹಿಂದೆ ಸರಿಯುವ ಅವಕಾಶವಿದ್ದವನು ಸರಿಯಲೇಬೇಕೆ? ಹಿಂದಿನ ಇಂಗ್ಲೆಂಡಿನ ಕಾನೂನಿನಲ್ಲಿ ಜಗಳದಲ್ಲಿ ಸಿಕ್ಕಿ ಎದುರಾಳಿಯನ್ನು ಕೊಂದವನು, ತಾನು ಬೆನ್ನಿಗೆ ಗೋಡೆ ತಾಗುವವರೆಗೂ ಹಿಂದೆ ಸರಿದೆನೆಂದು ತೋರಿಸಬೇಕಾಗಿತ್ತು. ಆದರೆ ಮನೆಯೇ ಮನುಷ್ಯನ ಕೋಟೆಯಾದುದರಿಂದ ಸ್ವಂತ ಮನೆಯೊಳಗಿದ್ದವನಿಗೆ ಆ ನಿಯಮವಿರಲಿಲ್ಲ. ಅಮೆರಿಕದ ಹಲವು ಸಂಸ್ಥಾನಗಳು ಈ ನಿಯಮವನ್ನು ಬೀದಿಗೂ ಸಡಿಲಿಸಿದವು. ಫ್ಲಾರಿಡಾ ಸಂಸ್ಥಾನವು 2005ರಲ್ಲಿ ಮಾಡಿದ ಶಾಸನದ ಪ್ರಕಾರ, ಇರಲು ಹಕ್ಕುಳ್ಳ ಯಾವ ಸ್ಥಳದಲ್ಲಿಯಾದರೂ ಮನುಷ್ಯನು ನಿಂತಲ್ಲಿಯೇ ನಿಂತು ಎದುರಿಸಬಹುದು.

ಭಾರತದ ಕಾನೂನು ಹಿಂದೆ ಸರಿಯುವುದನ್ನು ಕರ್ತವ್ಯವೆಂದು ವಿಧಿಸಿಲ್ಲ. 1962ರಲ್ಲಿ ಜೈದೇವ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿತು. ಹೆಸರಿನಲ್ಲಿಯೇ ಗಜೇಂದ್ರಗಡದ ಮೂಲವನ್ನು ಹೊತ್ತಿದ್ದ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರು ಬರೆದ ಆ ತೀರ್ಪಿನ ಅಭಿಪ್ರಾಯವೇನೆಂದರೆ, ತನ್ನ ಭೂಮಿಯನ್ನು ಬಲಾತ್ಕಾರದಿಂದ ಆಕ್ರಮಿಸಲು ಬಂದವರನ್ನು ಕಂಡು ಒಡೆಯನು ಓಡಿಹೋಗಬೇಕೆಂದು ಕಾನೂನು ಅಪೇಕ್ಷಿಸುವುದಿಲ್ಲ. 2010ರ ದರ್ಶನ್ ಸಿಂಗ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾನೂನಿಗೆ ವಿಧೇಯನಾದ ಪ್ರಜೆಯು ಹೇಡಿಯಂತೆ ವರ್ತಿಸಬೇಕಾದುದಿಲ್ಲವೆಂದು ಸಾರಿತು. ಆದರೆ ಜೈದೇವ್ ಮೊಕದ್ದಮೆಯ ಇನ್ನೊಂದು ಭಾಗವನ್ನು ಮರೆಯಲಾಗದು. ಎದುರು ಗುಂಪಿನವರು ಹೆದರಿ ಓಡತೊಡಗಿದ ಮೇಲೆ ಗುಂಡು ಹಾರಿಸಿದವರಿಗೆ ಆ ನ್ಯಾಯಾಲಯವು ರಕ್ಷಣೆಯನ್ನು ಕೊಡಲಿಲ್ಲ. ಅಪಾಯವು ಯಾವ ಗಳಿಗೆಯಲ್ಲಿ ತೊಲಗಿತೋ ಅದೇ ಗಳಿಗೆಯಲ್ಲಿ ಹಕ್ಕೂ ತೊಲಗಿತು. ಆಮೇಲೆ ಬಿದ್ದ ಏಟು ರಕ್ಷಣೆಯದಲ್ಲ, ಸೇಡಿನದು. ಅರ್ಧ ಗಳಿಗೆಯ ಮುಂಚೆ ನಿರಪರಾಧಿಯಾಗಿದ್ದವನು ಅದೇ ಕೈಯಿಂದ, ಅದೇ ಆಯುಧದಿಂದ, ಅದೇ ಸ್ಥಳದಲ್ಲಿ ಕೊಲೆಗಾರನಾದನು. ಮನುಷ್ಯನ ಪಾಪಪುಣ್ಯಗಳ ನಡುವಣ ಗೆರೆ ಎಷ್ಟು ತೆಳುವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕಾನೂನಿನ ಮಾತು ಇಲ್ಲಿಗೆ ಮುಗಿಯಿತು. ಧರ್ಮದ ಮಾತು ಇಲ್ಲಿಂದ ಮೊದಲಾಗುತ್ತದೆ. ಕಾನೂನು ಹೇಳುವುದು ‘ಮಾಡಬಹುದು’ ಎಂದು. ಧರ್ಮವು ಕೇಳುವುದು ‘ಮಾಡಬೇಕೆ?’ ಎಂದು. ಶಿಕ್ಷೆಯಿಲ್ಲದ ಕಾರ್ಯಗಳೆಲ್ಲವೂ ಸತ್ಕಾರ್ಯಗಳಲ್ಲ. ಹಸಿದು ಬಂದವನಿಗೆ ಅನ್ನವಿಕ್ಕದೆ ಬಾಗಿಲು ಹಾಕಿಕೊಂಡವನನ್ನು ಯಾವ ಪೊಲೀಸಿನವರೂ ಹಿಡಿಯುವುದಿಲ್ಲ. ಆದರೂ ಅವನು ಮಾಡಿದುದು ಸರಿಯೆಂದು ಯಾವ ಆಸ್ತಿಕನೂ ಹೇಳಲಾರನು. ಹಾಗೆಯೇ ಹಿಂದೆ ಸರಿಯುವುದು ಕಾನೂನಿನ ಕರ್ತವ್ಯವಲ್ಲದಿದ್ದರೂ ಕೆಲವು ಸಂದರ್ಭಗಳಲ್ಲಿ ಧರ್ಮದ ಕರ್ತವ್ಯವಾಗಿರಬಹುದಲ್ಲವೆ?

ಪ್ರಾಚೀನ ಸ್ಮೃತಿಕಾರರು ಈ ವಿಷಯವನ್ನು ಆಳವಾಗಿ ವಿಚಾರಿಸಿದ್ದಾರೆ. ಬೆಂಕಿ ಇಡುವವನು, ವಿಷವಿಕ್ಕುವವನು, ಆಯುಧ ಹಿಡಿದು ಕೊಲ್ಲಲು ಬಂದವನು, ಹಣವನ್ನು ದೋಚುವವನು, ಭೂಮಿಯನ್ನು ಕಸಿಯುವವನು, ಪತ್ನಿಯನ್ನು ಅಪಹರಿಸುವವನು ಈ ಆರು ಮಂದಿಯನ್ನು ‘ಆತತಾಯಿ’ಗಳೆಂದು ಕರೆದು, ಆತತಾಯಿಯನ್ನು ಕೊಂದವನಿಗೆ ದೋಷವಿಲ್ಲವೆಂದು ಸ್ಮೃತಿಗಳು ಹೇಳುತ್ತವೆ. ಮೇಲುನೋಟಕ್ಕೆ ಇದು ಬಹಳ ಸುಲಭವಾದ ಅಪ್ಪಣೆಯಂತೆ ಕಾಣುತ್ತದೆ. ಆದರೆ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಈ ಅಪ್ಪಣೆಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಡಲಿಲ್ಲ. ಆತ್ಮರಕ್ಷಣೆಗಾಗಿ, ಕೊಲ್ಲಬೇಕೆಂಬ ಸಂಕಲ್ಪವಿಲ್ಲದೆ, ಕೇವಲ ತಡೆಯುತ್ತಿರುವಾಗ ಆತತಾಯಿಯು ಅಕಸ್ಮಾತ್ತಾಗಿ ಮಡಿದರೆ ಅಲ್ಪ ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ ಎಂಬುದು ಅವನ ತಾತ್ಪರ್ಯ. ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಕೈಯ ಕೆಲಸ ತಡೆಯುವುದೇ ಹೊರತು ಕೊಲ್ಲುವುದಲ್ಲ. ಎರಡನೆಯದು, ರಾಜನು ಕ್ಷಮಿಸಿದರೂ ಪ್ರಾಯಶ್ಚಿತ್ತವು ಉಳಿದೇ ಉಳಿಯುತ್ತದೆ. ತಪ್ಪಿಲ್ಲದವನಿಗೂ ಒಂದು ಜೀವ ಹೋದ ಭಾರವನ್ನು ದೇವರ ಮುಂದೆ ಇಳಿಸಬೇಕಾದ ಅಗತ್ಯವಿದೆಯೆಂದು ಎಂಟುನೂರು ಒಂಬೈನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನ ಒಬ್ಬ ವಿದ್ವಾಂಸನು ಕಂಡುಕೊಂಡಿದ್ದನು. ಕುರುಕ್ಷೇತ್ರದಲ್ಲಿ ಅರ್ಜುನನನ್ನು ಕಾಡಿದುದೂ ಇದೇ. ಕೌರವರು ಆತತಾಯಿಗಳೆಂದು ಅವನು ತಾನೇ ಹೇಳುತ್ತಾನೆ; ಆದರೂ ಅವರನ್ನು ಕೊಂದರೆ ಪಾಪ ಬಂದೀತೆಂದು ನಡುಗುತ್ತಾನೆ. ಆ ನಡುಕವಿಲ್ಲದವನಿಗೆ ಗೀತೋಪದೇಶವೇ ಬೇಕಾಗುತ್ತಿರಲಿಲ್ಲ.

ಇನ್ನು ಹಿಂದೆ ಸರಿದವರ ಕಥೆಗಳನ್ನು ನೋಡಬಹುದು. ಜರಾಸಂಧನು ಮತ್ತೆ ಮತ್ತೆ ಮಧುರೆಗೆ ಮುತ್ತಿಗೆ ಹಾಕಿದಾಗ ಶ್ರೀಕೃಷ್ಣನು ಯಾದವರನ್ನೆಲ್ಲ ಕರೆದುಕೊಂಡು ಸಮುದ್ರತೀರದ ದ್ವಾರಕೆಗೆ ಹೊರಟುಹೋದನು. ಯುದ್ಧಭೂಮಿಯನ್ನು ಬಿಟ್ಟವನೆಂಬ ಅರ್ಥದ ‘ರಣಛೋಡ’ ಎಂಬ ಹೆಸರು ಅವನಿಗೆ ಬಂದಿತು. ಗುಜರಾತಿನ ಭಕ್ತರು ಇಂದಿಗೂ ಆ ಹೆಸರಿನಿಂದಲೇ ಅವನನ್ನು ಪೂಜಿಸುತ್ತಾರೆ. ಬೈಗುಳವಾಗಬೇಕಾಗಿದ್ದ ಮಾತು ಪೂಜಾನಾಮವಾಯಿತು. ಕಾರಣವೇನು? ಕೃಷ್ಣನು ತನ್ನ ಪ್ರಾಣಕ್ಕೆ ಹೆದರಿ ಓಡಲಿಲ್ಲ. ತನ್ನ ಹೆಮ್ಮೆಗಾಗಿ ಊರಿನ ಮುದುಕರೂ ಮಕ್ಕಳೂ ಸಾಯಬಾರದೆಂದು ಸರಿದನು. ಕಲ್ಯಾಣದಲ್ಲಿ ಕೋಲಾಹಲವೆದ್ದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ಸಾಗಿದರೆಂಬ ಪರಂಪರಾಗತ ಕಥೆಯ ತಿರುಳೂ ಇಂತಹುದೇ. ಬಾಹುಬಲಿಯು ಅಣ್ಣನಾದ ಭರತನನ್ನು ಎತ್ತಿ ನೆಲಕ್ಕೆ ಅಪ್ಪಳಿಸುವಷ್ಟು ಬಲವುಳ್ಳವನಾಗಿದ್ದೂ, ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಬಿಟ್ಟು ನಡೆದನು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿರುವುದು ಗೆದ್ದವನ ವಿಗ್ರಹವಲ್ಲ, ಗೆದ್ದುದನ್ನು ಬಿಟ್ಟವನ ವಿಗ್ರಹ.

ಆದರೆ ಹಿಂದೆ ಸರಿಯದವರ ಕಥೆಗಳೂ ಅಷ್ಟೇ ಪೂಜ್ಯವಾಗಿವೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದ ಜಟಾಯುವು ಮುದಿಹಕ್ಕಿ. ತಾನು ಗೆಲ್ಲಲಾರೆನೆಂಬುದು ಅವನಿಗೆ ತಿಳಿಯದ ವಿಷಯವಲ್ಲ. ಅವನು ರೆಕ್ಕೆ ಮಡಿಸಿ ಮರದಲ್ಲಿ ಕುಳಿತಿದ್ದರೆ ಯಾವ ಕಾನೂನೂ ಅವನನ್ನು ಕೇಳುತ್ತಿರಲಿಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿದರೂ ಇದೇ ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಕಲ್ಲುಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವರಿಗಾಗಿ ನಿಲ್ಲಿಸಿದವು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸ್ವರ್ಗಾರೋಹಣ, ಮೇಲೆ ಲಿಂಗದ ಸನ್ನಿಧಿ. ಊರಿಗಾಗಿ ನಿಂತವನನ್ನು ಊರು ಕಲ್ಲಿನಲ್ಲಿ ನಿಲ್ಲಿಸಿತು.

ಈ ಎರಡು ಬಗೆಯ ಕಥೆಗಳು ಪರಸ್ಪರ ವಿರುದ್ಧವೆಂದು ತೋರಬಹುದು. ಸ್ವಲ್ಪ ನಿಧಾನವಾಗಿ ನೋಡಿದರೆ ವಿರೋಧವಿಲ್ಲ. ಕೃಷ್ಣನು ಸರಿದುದೂ ಜಟಾಯುವು ನಿಂತುದೂ ಒಂದೇ ಕಾರಣಕ್ಕಾಗಿ: ತನ್ನನ್ನು ನಂಬಿದ ಜೀವವನ್ನು ಉಳಿಸುವುದಕ್ಕಾಗಿ. ಸರಿದರೆ ಜೀವಗಳು ಉಳಿಯುವುದಾದರೆ ಸರಿಯುವುದು ಧರ್ಮ. ಸರಿದರೆ ನಂಬಿದವರು ಬಲಿಯಾಗುವುದಾದರೆ ನಿಲ್ಲುವುದು ಧರ್ಮ. ಖರನ ಸೈನ್ಯವು ಬಂದಾಗ ಶ್ರೀರಾಮನು ಎರಡನ್ನೂ ಮಾಡಿದನು. ಮೊದಲು ಲಕ್ಷ್ಮಣನೊಡನೆ ಸೀತೆಯನ್ನು ಬೆಟ್ಟದ ಗುಹೆಗೆ ಕಳುಹಿಸಿದನು. ಆಮೇಲೆ ತಾನು ಬಿಲ್ಲನ್ನೆತ್ತಿದನು. ಆದುದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಯು ‘ನಿಲ್ಲಲೋ ಸರಿಯಲೋ’ ಎಂಬುದಲ್ಲ, ‘ಯಾವುದನ್ನು ಉಳಿಸುವುದಕ್ಕಾಗಿ?’ ಎಂಬುದು. ಉಳಿಯಬೇಕಾದುದು ಜೀವವೇ, ಸ್ವತ್ತೇ, ಅಥವಾ ಬರಿಯ ಮೀಸೆಯೇ?

ತಾಳವಾಡಿಯ ಬೆಟ್ಟಗಳಲ್ಲಿ ಈ ಪ್ರಶ್ನೆಯನ್ನು ಪ್ರತಿರಾತ್ರಿಯೂ ಕೇಳುವುದು ಆನೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿಗೂ ಹೊಲಕ್ಕೂ ನಡುವೆ ಇರುವುದು ಒಂದು ಕಂದಕ, ಒಂದು ಬೇಲಿ, ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕುಳಿತ ರೈತ. ಒಂದು ರಾತ್ರಿಯಲ್ಲಿ ಒಂದು ಸಂಸಾರದ ವರ್ಷದ ಅನ್ನವು ತುಳಿದುಹೋಗುವುದುಂಟು. ‘ಕರುಪ್ಪನ್’ ಎಂದು ಹೆಸರಾಗಿದ್ದ ಒಂಟಿ ಸಲಗವು ಹಲವು ತಿಂಗಳು ಈ ಸೀಮೆಯನ್ನು ಕಾಡಿದ ಮೇಲೆ 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರು ಕುಮ್ಕಿ ಆನೆಗಳ ನೆರವಿನಿಂದ, ಮತ್ತಿನ ಮದ್ದು ಹೊಡೆದು ಅದನ್ನು ಹಿಡಿದು ಬೇರೆ ಕಾಡಿಗೆ ಸಾಗಿಸಿದರು. ಅಲ್ಲಿಯವರೆಗೆ ಆ ಹೊಲಗಳ ಜನರು ಪಟ್ಟ ಪಾಡನ್ನು ದೂರದ ನಗರದಲ್ಲಿ ಕುಳಿತು ಅಹಿಂಸೆಯನ್ನು ಬೋಧಿಸುವವರು ಅರಿಯಲಾರರು.

1972ರ ವನ್ಯಜೀವಿ ಸಂರಕ್ಷಣಾ ಶಾಸನದ 11ನೆಯ ಕಲಮು ಇಲ್ಲಿಯೂ ಒಂದು ಹಕ್ಕನ್ನು ಕೊಟ್ಟಿದೆ. ತನ್ನ ಅಥವಾ ಬೇರೊಬ್ಬರ ಪ್ರಾಣರಕ್ಷಣೆಗಾಗಿ, ಸದುದ್ದೇಶದಿಂದ ಕಾಡುಪ್ರಾಣಿಯನ್ನು ಗಾಯಗೊಳಿಸಿದರೂ ಕೊಂದರೂ ಅದು ಅಪರಾಧವಲ್ಲ. ಆದರೆ ಆ ವೇಳೆಯಲ್ಲಿ ಅವನು ಅದೇ ಶಾಸನವನ್ನು ಮೀರುವ ಕೆಲಸದಲ್ಲಿ ತೊಡಗಿರಬಾರದು. ಈ ಹಕ್ಕು ಮನುಷ್ಯನ ದೇಹಕ್ಕೆ ಸಂಬಂಧಿಸಿದುದು, ಬೆಳೆಗೆ ಸಂಬಂಧಿಸಿದುದಲ್ಲ. ರಾಗಿಯ ತೆನೆಗಾಗಿ ಆನೆಯ ಪ್ರಾಣವನ್ನು ತೆಗೆಯುವ ಹಕ್ಕನ್ನು ಕಾನೂನು ರೈತನಿಗೆ ಕೊಟ್ಟಿಲ್ಲ. ಬೆಳೆಯ ನಷ್ಟವನ್ನು ತುಂಬಿಕೊಡುವ ಹೊಣೆಯನ್ನು ಸರ್ಕಾರವು ಸಕಾಲದಲ್ಲಿ, ಪೂರ್ತಿಯಾಗಿ ನೆರವೇರಿಸಬೇಕಾದುದು ಇದಕ್ಕಾಗಿಯೇ. ಹಿಂದೆ ಸರಿಯೆಂದು ಬಡವನಿಗೆ ಹೇಳುವ ಲೋಕವು ಸರಿದವನ ಹೊಟ್ಟೆಯನ್ನು ತುಂಬಿಸದಿದ್ದರೆ, ಆ ಉಪದೇಶವು ಕ್ರೌರ್ಯವೇ ಆಗುತ್ತದೆ.

ಇನ್ನೊಂದು ಅಪಾಯಕರವಾದ ರೂಢಿಯ ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ಬ್ಯಾಟರಿಯಿಂದ ನಡೆಯುವ ಸೋಲಾರ್ ಬೇಲಿಯು ತಾಗಿದ ಪ್ರಾಣಿಗೆ ಕ್ಷಣಕಾಲದ ಏಟು ಕೊಟ್ಟು ಹಿಂದಕ್ಕೆ ಅಟ್ಟುತ್ತದೆ. ಆದರೆ ಕಂಬದ ಕರೆಂಟನ್ನು ನೇರವಾಗಿ ತಂತಿಗೆ ಹರಿಸಿದರೆ ಅದು ಕೊಲ್ಲುತ್ತದೆ. ಬಿಹಾರದಲ್ಲಿ ಒಬ್ಬನು ತನ್ನ ಮನೆಯ ಶೌಚಾಲಯವನ್ನು ಪರರು ಉಪಯೋಗಿಸಬಾರದೆಂದು ದಾರಿಗೆ ಅಡ್ಡಲಾಗಿ ಬೆತ್ತಲೆ ತಂತಿಯನ್ನು ಕಟ್ಟಿ ಕರೆಂಟು ಹರಿಸಿದ್ದನು. ನೆರೆಮನೆಯ ಹೆಂಗಸು ತಾಗಿ ಸತ್ತಳು. ಆತ್ಮರಕ್ಷಣೆಯ ವಾದವನ್ನು ಸುಪ್ರೀಂ ಕೋರ್ಟು 1963ರಲ್ಲಿ ತಳ್ಳಿಹಾಕಿತು. ಅತಿಕ್ರಮಿಸಿ ಬಂದವನೂ ಮನುಷ್ಯನೇ. ಅವನಿಗಾಗಿ ಮರಣದ ಬಲೆಯನ್ನು ಹೂಡಲಾಗದು ಎಂಬುದು ಅದರ ಸಾರ. ಇದರಲ್ಲಿ ಧರ್ಮದ ದೊಡ್ಡ ತತ್ತ್ವವಿದೆ. ಕೈಯಲ್ಲಿ ಕೋಲು ಹಿಡಿದವನು ಬಂದವರಾರೆಂದು ನೋಡಬಲ್ಲನು, ಮಗುವೆಂದು ತಿಳಿದರೆ ತಡೆದುಕೊಳ್ಳಬಲ್ಲನು, ಕೈಮುಗಿದರೆ ಬಿಡಬಲ್ಲನು. ತಂತಿಗೆ ಕಣ್ಣಿಲ್ಲ, ಕರುಣೆಯಿಲ್ಲ. ಕಳ್ಳ, ನೆರೆಯವನು, ಕರು, ಆನೆಮರಿ ಎಲ್ಲವೂ ಅದಕ್ಕೆ ಒಂದೇ. ಹಿಂದೆ ಸರಿಯಲಾರದ ರಕ್ಷಣೆಯು ರಕ್ಷಣೆಯೇ ಅಲ್ಲ.

ಈ ಬೆಟ್ಟಸೀಮೆಯ ಆರಾಧ್ಯದೈವವಾದ ಮಲೆಯ ಮಹದೇಶ್ವರನು ಹುಲಿಯನ್ನು ಏರಿದವನೇ ಹೊರತು ಹುಲಿಯ ತಲೆಯನ್ನು ಕೊಯ್ದು ಬಾಗಿಲಿಗೆ ಕಟ್ಟಿದವನಲ್ಲ. ಅದೇ ಸ್ವಾಮಿಯು, ದೇವತೆಗಳನ್ನು ಸೆರೆಯಲ್ಲಿಟ್ಟಿದ್ದ ಶ್ರವಣನನ್ನು ಮಾತ್ರ ಬಿಡಲಿಲ್ಲವೆಂದು ಕಂಸಾಳೆಯವರು ಹಾಡುತ್ತಾರೆ. ಹಸಿವಿನಿಂದ ಬಂದ ಮೃಗದ ವಿಷಯದಲ್ಲಿ ಒಂದು ನೀತಿ, ಮದದಿಂದ ಪರರನ್ನು ಬಂಧಿಸಿದ ದೊರೆಯ ವಿಷಯದಲ್ಲಿ ಇನ್ನೊಂದು ನೀತಿ. ಕಾಡುದಾರಿಯಲ್ಲಿ ಆನೆಗೆ ದಾರಿ ಬಿಟ್ಟು ನಿಲ್ಲುವವನನ್ನು ಯಾರೂ ಹೇಡಿಯೆಂದು ಕರೆಯುವುದಿಲ್ಲ. ಕೋಪದಿಂದ ಕುರುಡಾದ ನೆರೆಯವನಿಗೆ ಅರ್ಧ ಗಳಿಗೆ ದಾರಿ ಬಿಟ್ಟವನನ್ನು ಮಾತ್ರ ಹೇಡಿಯೆಂದು ಕರೆಯುವುದೇಕೆ?

2000ನೆಯ ಇಸವಿಯ ಜುಲೈ 30ರ ರಾತ್ರಿ ಇದೇ ಸೀಮೆಯ ಗಾಜನೂರಿನ ಮನೆಯಿಂದ ವರನಟ ಡಾಕ್ಟರ್ ರಾಜಕುಮಾರ್ ಅವರನ್ನು ಇನ್ನೂ ಮೂವರೊಡನೆ ಕಾಡುಗಳ್ಳ ವೀರಪ್ಪನ್ ಅಪಹರಿಸಿ ಕೊಂಡೊಯ್ದುದನ್ನು ತಾಳವಾಡಿಯವರು ಮರೆತಿಲ್ಲ. ತೆರೆಯ ಮೇಲೆ ನೂರಾರು ವೈರಿಗಳನ್ನು ಗೆದ್ದಿದ್ದ ಎಪ್ಪತ್ತೊಂದು ವಯಸ್ಸಿನ ಆ ಹಿರಿಯರು ಆ ರಾತ್ರಿ ಬಂದೂಕುಗಳ ಮುಂದೆ ಪೌರುಷವನ್ನು ಮೆರೆಯಲು ಹೋಗಲಿಲ್ಲ; ಶಾಂತರಾಗಿ ಕಾಡಿಗೆ ನಡೆದರು. ನೂರೆಂಟು ದಿನಗಳು ಕಳೆದ ಮೇಲೆ ನವೆಂಬರ್ 15ರಂದು ಅವರು ಬಿಡುಗಡೆ ಹೊಂದಿದರು. ಆ ರಾತ್ರಿ ಯಾರಾದರೂ ದುಡುಕಿ ಆಯುಧವನ್ನೆತ್ತಿದ್ದರೆ ಆ ಮನೆಯ ಅಂಗಳದಲ್ಲಿ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರು ಎದುರಿಸಲಿಲ್ಲವೆಂಬ ಕಾರಣಕ್ಕೆ ಅವರ ಗೌರವವು ಒಂದು ಎಳ್ಳಿನಷ್ಟಾದರೂ ಕುಂದಿತೆ?

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಸಜ್ಜನರೆಲ್ಲರೂ ಸರಿಯುತ್ತ ಹೋದರೆ ದುರ್ಜನರು ಮುಂದೊತ್ತುತ್ತ ಬರುವುದಿಲ್ಲವೆ? ಇದು ತಳ್ಳಿಹಾಕುವಂತಹ ಮಾತಲ್ಲ. ಮಹಾತ್ಮಾ ಗಾಂಧಿಯವರೇ 1920ರಲ್ಲಿ, ಹೇಡಿತನ ಹಿಂಸೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗಿ ಬಂದರೆ ಹಿಂಸೆಯನ್ನೇ ಹೇಳುವುದಾಗಿ ಬರೆದರು. ಹೊಡೆಯಲು ಶಕ್ತಿಯಿಲ್ಲದೆ ಸುಮ್ಮನಿದ್ದವನ ಮೌನವು ಕ್ಷಮೆಯಲ್ಲ. ಶಕ್ತಿಯಿದ್ದೂ ಕೈ ಹಿಂತೆಗೆದವನದೇ ಕ್ಷಮೆ. ತಮಿಳು ಬಲ್ಲ ಓದುಗರಿಗೆ ತಿಳಿದಿರುವಂತೆ ತಿರುಕ್ಕುರಳಿನಲ್ಲಿ ತಾಳ್ಮೆಗೆ ಒಂದು ಅಧಿಕಾರವಿದೆ, ಕೊಲ್ಲದಿರುವುದಕ್ಕೆ ಇನ್ನೊಂದು ಅಧಿಕಾರವಿದೆ. ದುಷ್ಟರನ್ನು ದಂಡಿಸುವ ಅರಸನ ನೇರವಾದ ರಾಜದಂಡಕ್ಕೂ ಅದೇ ಗ್ರಂಥದಲ್ಲಿ ಸ್ಥಾನವಿದೆ. ಒಬ್ಬೊಬ್ಬನ ತಾಳ್ಮೆಗೆ ಊರಿನ ಮತ್ತು ರಾಜ್ಯದ ನ್ಯಾಯವು ಬೆಂಬಲವಾಗಿ ನಿಲ್ಲಬೇಕೆಂಬುದೇ ಅದರ ಅರ್ಥ.

ಮತ್ತೂ ಒಂದು ಎಚ್ಚರಿಕೆ ಅವಶ್ಯಕ. ‘ಸರಿದುಕೋ, ತಗ್ಗಿ ನಡೆ’ ಎಂಬ ಉಪದೇಶವನ್ನು ಲೋಕವು ಯಾವಾಗಲೂ ಬಲಹೀನನಿಗೇ ಮಾಡುತ್ತ ಬಂದಿದೆ. ಕೂಲಿಯವನಿಗೆ, ಬಡ ಒಕ್ಕಲಿಗೆ, ಹೆಣ್ಣುಮಗಳಿಗೆ ಅದನ್ನು ಹೇಳಿದವರು, ಬಲಿಷ್ಠನಿಗೆ ‘ನೀನು ಸರಿ’ ಎಂದು ಹೇಳಿದ್ದು ಅಪರೂಪ. ಇದು ಧರ್ಮದ ಹೆಸರಿನಲ್ಲಿ ನಡೆದ ಅಧರ್ಮ. ಮಾನಭಂಗಕ್ಕೆ ಬಂದವನಿಂದ ತನ್ನನ್ನು ಕಾಪಾಡಿಕೊಳ್ಳಲು ಹೆಣ್ಣಿಗೆ ಕಾನೂನು ಪ್ರಾಣಾಂತಿಕವಾದ ಏಟಿನವರೆಗೂ ಹಕ್ಕು ಕೊಟ್ಟಿದೆ. 2013ರಲ್ಲಿ ಆಸಿಡ್ ಎರಚಲು ಬಂದವನನ್ನೂ ಅದೇ ಸಾಲಿಗೆ ಸೇರಿಸಲಾಯಿತು. ಅಂತಹ ಗಳಿಗೆಯಲ್ಲಿ ಅವಳು ಏಕೆ ಓಡಲಿಲ್ಲವೆಂದು ಕೇಳುವವನಿಗೆ ದುರ್ಗೆಯ ಗುಡಿಯ ಮೆಟ್ಟಿಲನ್ನು ಹತ್ತುವ ಯೋಗ್ಯತೆಯಿಲ್ಲ. ಹಿಂದೆ ಸರಿಯುವ ಧರ್ಮವು ಮೊದಲು ಅನ್ವಯಿಸಬೇಕಾದುದು ಬಲವುಳ್ಳವನಿಗೆ, ಬೇರೆ ದಾರಿಯುಳ್ಳವನಿಗೆ, ಕಳೆದುಕೊಳ್ಳುವುದು ಬರಿಯ ಹಟವನ್ನು ಮಾತ್ರವಾದವನಿಗೆ.

ಹಳ್ಳಿಯ ಹೊಡೆದಾಟಗಳಲ್ಲಿ ಹೆಚ್ಚಿನವು ಈ ಕೊನೆಯ ವರ್ಗಕ್ಕೆ ಸೇರಿದವು. ಒಂದು ಮೊಳ ಬದು, ಒಂದು ತೆಂಗಿನ ಮರದ ನೆರಳು, ಕೊಳವೆ ಬಾವಿಯ ನೀರಿನ ಸರದಿ ಇವುಗಳಿಗಾಗಿ ಅಣ್ಣತಮ್ಮಂದಿರು ಕತ್ತಿ ಹಿಡಿಯುತ್ತಾರೆ. ಆಗ ಇಬ್ಬರಿಗೂ ತಾವು ಆತ್ಮರಕ್ಷಣೆಯನ್ನೇ ಮಾಡಿಕೊಳ್ಳುತ್ತಿರುವುದಾಗಿ ತೋರುತ್ತದೆ. ಆದರೆ ಸರ್ವೆಯವರು ಅಳೆದು ಹೇಳಬಹುದಾದ ಬದುವಿಗೆ, ನ್ಯಾಯಾಲಯವು ತೀರಿಸಬಹುದಾದ ತಕರಾರಿಗೆ ರಕ್ತವೇಕೆ? ದಿಂಬದ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಸತ್ಯಮಂಗಲವನ್ನು ಸೇರಬೇಕಾದ ಬೆಟ್ಟದವರಿಗೆ ನ್ಯಾಯವು ದೂರವಾಗಿತ್ತೆಂಬುದು ನಿಜ. 2016ರಲ್ಲಿ ತಾಳವಾಡಿಯು ಪ್ರತ್ಯೇಕ ತಾಲ್ಲೂಕಾದ ಮೇಲೆ ಆ ದೂರವು ಕೆಲಮಟ್ಟಿಗೆ ತಗ್ಗಿದೆ. ಬದುವು ನಾಳೆಯೂ ಅಲ್ಲಿಯೇ ಇರುತ್ತದೆ. ಹೋದ ಜೀವವು ನಾಳೆ ಬರುವುದಿಲ್ಲ.

ಇಲ್ಲಿ ಹೊಡೆದಾಡುವ ಇಬ್ಬರ ಪಾಲಿಗಿಂತ ಸುತ್ತ ನಿಂತವರ ಪಾಲು ದೊಡ್ಡದು. ಸರಿದುಹೋಗಲು ಮನಸ್ಸು ಮಾಡಿದವನನ್ನು ‘ಕೈಗೆ ಬಳೆ ತೊಟ್ಟಿದ್ದೀಯಾ?’ ಎಂದು ಹಂಗಿಸಿ ಮತ್ತೆ ಕಣಕ್ಕೆ ತಳ್ಳುವವರು ಅವರೇ. ಕೊಂದವನು ಸೆರೆಮನೆಗೆ ಹೋಗುತ್ತಾನೆ, ಸತ್ತವನು ಮಣ್ಣಿಗೆ ಹೋಗುತ್ತಾನೆ, ಹಂಗಿಸಿದವನು ಮನೆಗೆ ಹೋಗಿ ಊಟ ಮಾಡುತ್ತಾನೆ. ಅವನ ಹೆಸರು ಯಾವ ಆರೋಪಪಟ್ಟಿಯಲ್ಲಿಯೂ ಇರದಿರಬಹುದು; ಚಿತ್ರಗುಪ್ತನ ಲೆಕ್ಕದಲ್ಲಿ ಇಲ್ಲದಿರಲು ಸಾಧ್ಯವೆ? ಹಿಂದೆ ಸರಿದವನಿಗೆ ಊರಿನಲ್ಲಿ ತಲೆಯೆತ್ತಿ ನಡೆಯುವ ಗೌರವ ದೊರೆಯುವಂತೆ ಮಾಡುವುದು ಊರಿನವರ ಕರ್ತವ್ಯ. ಆ ಗೌರವವಿಲ್ಲದ ಊರಿನಲ್ಲಿ ಯಾರೂ ಸರಿಯಲಾರರು. ಇದೇ ತಾಲ್ಲೂಕಿನ ಗುಮಟಾಪುರದಲ್ಲಿ ದೀಪಾವಳಿಯ ಕೊನೆಗೆ ಬೀರೇಶ್ವರನ ಸನ್ನಿಧಿಯಲ್ಲಿ ಗೊರೆ ಹಬ್ಬ ನಡೆಯುತ್ತದೆ. ಗಂಡಸರೆಲ್ಲರೂ ಸಗಣಿಯ ಉಂಡೆಗಳನ್ನು ಒಬ್ಬರ ಮೇಲೊಬ್ಬರು ಎಸೆದಾಡಿ, ಏಟು ತಿಂದ ಬೆನ್ನನ್ನು ತೊಳೆದುಕೊಂಡು, ನಗುತ್ತ ಮನೆಗೆ ಹೋಗುತ್ತಾರೆ. ಏಟಿಗೆ ಏಟು ಬಿದ್ದರೂ ಸೇಡು ಉಳಿಯದ ಒಂದು ದಿನವು ವರ್ಷದಲ್ಲಿ ಸಾಧ್ಯವಾದರೆ, ಉಳಿದ ದಿನಗಳಲ್ಲಿ ಅದರ ನೆನಪಾದರೂ ಸಾಧ್ಯವಾಗಬೇಡವೆ?

ಜೀರ್ಣೋದ್ಧಾರಗೊಂಡ ದೇವಾಲಯಗಳಲ್ಲಿ ಗರ್ಭಗುಡಿಯ ಬಾಗಿಲಿನ ಎರಡು ಕಡೆಗೂ ದ್ವಾರಪಾಲಕರು ನಿಂತಿರುವುದನ್ನು ಭಕ್ತರು ನೋಡುತ್ತಾರೆ. ಅವರ ಕೈಯಲ್ಲಿ ಗದೆಯಿದೆ. ಆದರೆ ಅದು ನೆಲಕ್ಕೆ ಊರಿರುತ್ತದೆ. ಮೇಲೆತ್ತಿರುವುದು ತರ್ಜನಿಯ ಬೆರಳು ಮಾತ್ರ. ಎಚ್ಚರಿಸುವುದು ಮೊದಲು, ಗದೆಯನ್ನೆತ್ತುವುದು ಕೊನೆಗೆ. ಬಾಗಿಲನ್ನು ಮಾತ್ರ ಯಾವಾಗಲೂ ಬಿಡುವುದಿಲ್ಲ. ಮನೆಯನ್ನೂ ಮಕ್ಕಳನ್ನೂ ಆಶ್ರಿತರನ್ನೂ ಕಾಯುವ ಗೃಹಸ್ಥನಿಗೆ ಇದಕ್ಕಿಂತ ಮೇಲಾದ ಪಾಠವು ಬೇಕಾಗಿಲ್ಲ. ಕಾಯಬೇಕಾದುದನ್ನು ಕಾಯುವ ಧೈರ್ಯವನ್ನೂ, ಬಿಡಬಹುದಾದುದನ್ನು ಬಿಡುವ ದೊಡ್ಡ ಮನಸ್ಸನ್ನೂ, ಇವೆರಡರಲ್ಲಿ ಯಾವುದು ಯಾವುದೆಂದು ಆ ಕ್ಷಣದಲ್ಲಿ ಅರಿಯುವ ಬುದ್ಧಿಯನ್ನೂ ಭಗವಂತನು ಈ ಬೆಟ್ಟಸೀಮೆಯ ಸಮಸ್ತರಿಗೂ ಅನುಗ್ರಹಿಸಲಿ.